ಎಡಿಟ್ ಆದ ನೊಣ ಯಾವುದು? ಜೆಲ್, ಟಿ-7, ಮೆಲ್ಟ್ ಕರ್ವ್, ಸ್ಯಾಂಗರ್: ಕರಾವಳಿಯ ಸಣ್ಣ ಲ್ಯಾಬಿಗೊಂದು ಹೋಲಿಕೆ

ಜೀನನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ಬದಲಿಸುವ ಕ್ರಿಸ್ಪರ್ ಮಾಡಿಸುವುದು ಈಗ ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಹಣ್ಣಿನ ನೊಣದಲ್ಲಿ, ಅಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ, ಇದರ ಮೊದಲ ವರದಿಗಳು ಬಂದದ್ದು 2013ರಲ್ಲಿ. ಇವತ್ತು ಕತ್ತರಿಸುವ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಕೊಟ್ಟರೆ ಭ್ರೂಣಕ್ಕೆ ಚುಚ್ಚಿ ಕೊಡುವ ಸೇವೆ ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಸಿ-ಕ್ಯಾಂಪ್‌ನಲ್ಲೇ ಇದೆ. ತಲೆಬಿಸಿ ಶುರುವಾಗುವುದು ಆ ನೊಣಗಳ ಶೀಶೆ, ಅಂದರೆ ವಯಲ್‌ಗಳು ಘಟ್ಟ ಇಳಿದು ಕೊಣಾಜೆಗೋ ದೇರಳಕಟ್ಟೆಗೋ ಮಣಿಪಾಲಕ್ಕೋ ಬಂದ ಮೇಲೆ. "ಎಲ್ಲ ನೊಣವೂ ಒಂದೇ ರೀತಿ ಕಾಣ್ತದೆ ಸರ್, ಎಡಿಟ್ ಆದದ್ದನ್ನು ಹುಡುಕುವುದು ಹೇಗೆ?" ಎಂದು ಪ್ರಾಜೆಕ್ಟಿಗೆ ಬಂದ ವಿದ್ಯಾರ್ಥಿಗಳು ಕೇಳುತ್ತಾರೆ. ಪಕ್ಕದ ಡಿಪಾರ್ಟ್‌ಮೆಂಟಿನಲ್ಲಿ ಯಾವ ಯಂತ್ರವಿದೆ ಎಂದು ನೋಡಿ ವಿಧಾನ ಆರಿಸುವುದು ನಮ್ಮಲ್ಲಿ ರೂಢಿ. ನನ್ನ ಮಟ್ಟಿಗೆ ಅದು ತಿರುಗುಮುರುಗು. ಯಾವ ಪರೀಕ್ಷೆಯಿಂದ ಹಿಡಿಯುತ್ತೇವೆ ಎಂಬುದನ್ನು ಗೈಡ್ ಆರ್ಡರ್ ಮಾಡುವ ಮೊದಲೇ ತೀರ್ಮಾನಿಸಬೇಕು. ಗೈಡ್ ಎಲ್ಲಿ ಕತ್ತರಿಸುತ್ತದೆ, ಒಂದು ಕಡೆಯೋ ಎರಡು ಕಡೆಯೋ, ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಎಂಬುದರ ಮೇಲೆ ಮುಂದಿನ ಖರ್ಚು, ಸಮಯ ಎರಡೂ ನಿಂತಿವೆ.

(ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಇಲ್ಲದೆ ಇದ್ಯಾವುದನ್ನೂ ಶುರು ಮಾಡುವ ಹಾಗಿಲ್ಲ. ಆ ಕಡತ ಮುಂದೆ ಹೋಗಲು ತಗಲುವ ಕಾಲದಲ್ಲಿ ಡಿಎನ್‌ಎ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪ್ರೈಮರ್ ತುಣುಕುಗಳ ವಿನ್ಯಾಸ ಮುಗಿಸಬಹುದು.)

ಮೊದಲು ತಲೆಮಾರು ನೋಡಿ

ಚುಚ್ಚಿಸಿಕೊಂಡ ಭ್ರೂಣ ಬೆಳೆದು ನೊಣವಾದರೆ ಅದು ಜಿ-ಜೀರೊ. ಅದರ ಮೈಯೆಲ್ಲ ಮಿಶ್ರಣ: ಕೆಲವು ಕೋಶಗಳಲ್ಲಿ ಒಂದು ಬಗೆಯ ಮ್ಯುಟೇಷನ್, ಕೆಲವದರಲ್ಲಿ ಇನ್ನೊಂದು, ಉಳಿದವುಗಳಲ್ಲಿ ಏನೂ ಇಲ್ಲ. ನಮಗೆ ಬೇಕಾದದ್ದು ಮೊಟ್ಟೆ ಅಥವಾ ವೀರ್ಯಾಣುವಿಗೆ ಹೋದ ಬದಲಾವಣೆ ಮಾತ್ರ. ಹಾಗಾಗಿ ಜಿ-ಜೀರೊ ನೊಣಗಳನ್ನು ಒಂದೊಂದಾಗಿ ಸೀಕ್ವೆನ್ಸಿಂಗಿಗೆ ಕಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗೈಡ್ ಕತ್ತರಿಸುತ್ತಿದೆಯೇ ಇಲ್ಲವೇ ಎಂದು ತಿಳಿಯಲು ನಾಲ್ಕಾರು ನೊಣ ಒಟ್ಟಿಗೆ ಅರೆದು ಒಂದು ಪಿಸಿಆರ್ (ಡಿಎನ್‌ಎ ತುಂಡಿನ ನಕಲು ಹೆಚ್ಚಿಸುವುದು) ಮಾಡಿ ನೋಡಬಹುದು, ಅಷ್ಟೇ.

ನಿಜವಾದ ಹುಡುಕಾಟ ಜಿ-ಜೀರೊದ ಮರಿಗಳಲ್ಲಿ, ಅಂದರೆ ಎಫ್-1ರಲ್ಲಿ. ಅಲ್ಲಿ ಪ್ರತಿಯೊಂದು ನೊಣದಲ್ಲೂ ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಎಡಿಟ್ ಆದದ್ದು ಬಂದಿದ್ದರೆ ಮೈಯೆಲ್ಲ ಒಂದೇ. ಇಲ್ಲಿ ಗಂಡು ನೊಣ ಆರಿಸಿಕೊಂಡರೆ ಎರಡು ಲಾಭ. ಡ್ರೊಸೊಫಿಲಾದ ಗಂಡಿನಲ್ಲಿ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮುಗಳ ತುಂಡು ವಿನಿಮಯ) ನಡೆಯುವುದಿಲ್ಲ, ಹಾಗಾಗಿ ಎಡಿಟ್ ಆದ ಕ್ರೋಮೋಸೋಮ್ ಇಡಿಯಾಗಿ ಮುಂದಿನ ತಲೆಮಾರಿಗೆ ಹೋಗುತ್ತದೆ. ಎರಡನೆಯದು, ಒಂದೊಂದು ಗಂಡನ್ನೂ ಎರಡು ಮೂರು ಬ್ಯಾಲೆನ್ಸರ್ (ತನ್ನ ಜೋಡಿಯೊಡನೆ ಬೆರೆಯದ, ಗುರುತಿರುವ ಕ್ರೋಮೋಸೋಮ್) ತಳಿಯ ವರ್ಜಿನ್ (ಇನ್ನೂ ಗಂಡಿನ ಜೊತೆ ಕೂಡದ) ಹೆಣ್ಣುಗಳ ಜೊತೆ ಒಂದೊಂದು ವಯಲಿನಲ್ಲಿ ಬಿಟ್ಟು, ಮೊಟ್ಟೆ ಬಿದ್ದು ಮರಿಹುಳು ಓಡಾಡುವುದು ಕಂಡ ಮೇಲೆ ಗಂಡನ್ನು ತೆಗೆದು ಅರೆಯಬಹುದು. ವಂಶ ಉಳಿಯಿತು, ಡಿಎನ್‌ಎಯೂ ಸಿಕ್ಕಿತು. ಮದುವೆಗೆ ಮೊದಲೇ ಉತ್ತರ ಬೇಕೆಂಬ ಆತುರವಿದ್ದರೆ ಒಂದು ರೆಕ್ಕೆಯೋ ಕಾಲೋ ಕತ್ತರಿಸಿ ಅದರಿಂದಲೂ ಡಿಎನ್‌ಎ ತೆಗೆಯಬಹುದು, ಆದರೆ ಇಳುವರಿ ಕಡಿಮೆ, ಕೈಯೂ ಪಳಗಿರಬೇಕು. ಅವಸರವಿಲ್ಲದಿದ್ದರೆ ಬೇಡ.

ಅರೆಯುವ ಕ್ರಮ ಹೀಗೆ. ಪಿಸಿಆರ್ ಟ್ಯೂಬಿಗೆ ಒಂದು ನೊಣ. 50 ಮೈಕ್ರೋಲೀಟರ್ ಸ್ಕ್ವಿಷ್ ಬಫರನ್ನು ಟಿಪ್ಪಿಗೆ ಎಳೆದುಕೊಂಡು, ದ್ರವವನ್ನು ಬಿಡದೆ ಅದೇ ಟಿಪ್ಪಿನ ತುದಿಯಿಂದ ನೊಣವನ್ನು ಟ್ಯೂಬಿನ ಗೋಡೆಗೆ ಒತ್ತಿ ಜಜ್ಜಬೇಕು. ಆಮೇಲೆ ಬಫರ್ ಪೂರ್ತಿ ಬಿಡಬೇಕು. ಬಫರಿನಲ್ಲಿ 10 ಮಿಲಿಮೋಲಾರ್ ಟ್ರಿಸ್, 1 ಮಿಲಿಮೋಲಾರ್ ಇಡಿಟಿಎ, 25 ಮಿಲಿಮೋಲಾರ್ ಉಪ್ಪು. ಬಳಸುವ ಹೊತ್ತಿಗೆ ಮಾತ್ರ ಸೇರಿಸಬೇಕಾದದ್ದು ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಪ್ರೋಟಿನೇಸ್-ಕೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ, 95 ಡಿಗ್ರಿಯಲ್ಲಿ ಎರಡು ನಿಮಿಷ, ಮುಗಿಯಿತು. ಪಿಸಿಆರ್‌ಗೆ ಒಂದು ಮೈಕ್ರೋಲೀಟರ್ ಸಾಕು. ಬ್ಯಾಂಡ್ ಬರಲಿಲ್ಲ ಎಂದು ಐದು ಹಾಕಿದರೆ ಇನ್ನೂ ಬರುವುದಿಲ್ಲ, ಏಕೆಂದರೆ ಆ ರಸದಲ್ಲಿರುವ ಕೊಳೆಯೇ ಪಾಲಿಮರೇಸನ್ನು ತಡೆಯುತ್ತದೆ. ಮುಂದೆ ಹೇಳುವ ಎಲ್ಲ ವಿಧಾನಗಳಿಗೂ ಈ ರಸವೇ ಮೂಲ.

ಕಣ್ಣಿಗೆ ಕಾಣುವ ಗುರುತು

1910ರಲ್ಲಿ ಮಾರ್ಗನ್ ಕಂಡ ಬಿಳಿಗಣ್ಣಿನ ಗಂಡು ನೊಣದಿಂದ ಹಿಡಿದು ಇವತ್ತಿನವರೆಗೂ ಡ್ರೊಸೊಫಿಲಾದಲ್ಲಿ ಅತಿ ಅಗ್ಗದ ಪರೀಕ್ಷೆ ಮೈಕ್ರೋಸ್ಕೋಪಿನ ಕೆಳಗೆ ನೋಡುವುದೇ. ಕ್ರಿಸ್ಪರಿನಲ್ಲಿ ಇದಕ್ಕೆ ಎರಡು ದಾರಿ.

ಒಂದು, ಕತ್ತರಿಸಿದ ಜಾಗಕ್ಕೆ ಡಿಎಸ್‌ರೆಡ್‌ನಂಥ ಹೊಳೆಯುವ ಗುರುತನ್ನು ಸೇರಿಸಿಬಿಡುವುದು. ಎಫ್-1 ನೊಣದ ಕಣ್ಣು ಕೆಂಪಗೆ ಹೊಳೆದರೆ ಎಡಿಟ್ ಆಗಿದೆ ಎಂದರ್ಥ. ನೂರಾರು ನೊಣಗಳನ್ನು ಒಂದು ಬೆಳಿಗ್ಗೆಯಲ್ಲಿ ನೋಡಿ ಮುಗಿಸಬಹುದು, ಒಂದನ್ನೂ ಅರೆಯಬೇಕಾಗಿಲ್ಲ. ಮುಂದೆ ತಳಿಯನ್ನು ನೋಡಿಕೊಳ್ಳುವಾಗಲೂ ಗುರುತು ಜೊತೆಗೇ ಇರುತ್ತದೆ. ಆದರೆ ಫ್ಲೋರೆಸೆನ್ಸ್ ಇರುವ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು. ಆ ಗುರುತನ್ನು ಹೊತ್ತು ತರುವ ಡೋನರ್ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಕಟ್ಟಬೇಕು, ಅದರಲ್ಲೇ ತಿಂಗಳು ಕಳೆಯಬಹುದು. ಬರಿಯ ಕತ್ತರಿಕೆಗಿಂತ ಇದರ ಯಶಸ್ಸಿನ ಪ್ರಮಾಣವೂ ಕಡಿಮೆ. ಹೊಳೆಯಿತೆಂದರೆ ಕೆಲಸ ಮುಗಿಯಿತು ಎಂದೂ ಅಲ್ಲ: ಕೆಲವೊಮ್ಮೆ ಪ್ಲಾಸ್ಮಿಡ್ಡಿನ ಬೆನ್ನೆಲುಬೂ ಸೇರಿ ಕೂತುಬಿಡುತ್ತದೆ. ಎರಡೂ ಬದಿಯ ಪಿಸಿಆರ್ ಮಾಡಲೇಬೇಕು.

ಇನ್ನೊಂದು ದಾರಿ ಕೋ-ಕ್ರಿಸ್ಪರ್. ನಿಮ್ಮ ಗೈಡಿನ ಜೊತೆಗೆ ಎಬೊನಿ ಅಥವಾ ವೈಟ್ ಜೀನಿನ ಗೈಡನ್ನೂ ಚುಚ್ಚುತ್ತಾರೆ. ಮೈ ಕಪ್ಪಾದ ಅಥವಾ ಕಣ್ಣು ಬಿಳಿಯಾದ ಮರಿಗಳನ್ನು ಹೆಚ್ಚು ಕೊಟ್ಟ ಜಿ-ಜೀರೊ ನೊಣದಲ್ಲಿ ಕತ್ತರಿಸುವ ಎಂಜೈಮ್ ಕ್ಯಾಸ್-9 ಚೆನ್ನಾಗಿ ಕೆಲಸ ಮಾಡಿದೆ, ಹಾಗಾಗಿ ನಿಮ್ಮ ಜೀನೂ ಕತ್ತರಿಸಿರುವ ಸಂಭವ ಜಾಸ್ತಿ. ಇದು ಉತ್ತರ ಕೊಡುವುದಿಲ್ಲ, ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ. ನಿಮ್ಮ ತಳಿಯ ಕಣ್ಣು ಮೊದಲೇ ಬಿಳಿಯಾಗಿದ್ದರೆ ವೈಟ್ ಉಪಯೋಗಕ್ಕೆ ಬರುವುದಿಲ್ಲ, ಎಬೊನಿಯೇ ಗತಿ. ಎಬೊನಿ ಇರುವುದು ಮೂರನೇ ಕ್ರೋಮೋಸೋಮಿನಲ್ಲಿ. ನಿಮ್ಮ ಜೀನೂ ಅಲ್ಲೇ ಇದ್ದರೆ ಆಮೇಲೆ ಎಬೊನಿಯನ್ನು ಬೇರ್ಪಡಿಸುವ ಕೆಲಸ ಬೇರೆ.

ಬಿಳಿಗಣ್ಣಿನ ತಳಿಯಲ್ಲೇ ಎಡಿಟ್ ಮಾಡಿಸಿ ಎಂದು ನಾನು ಹೇಳುವುದಕ್ಕೆ ಕಾರಣ ಬೇರೆ ಇದೆ. ಏಪ್ರಿಲ್ ಮೇ ಬಂತೆಂದರೆ ಹಲಸು, ಮಾವಿನ ವಾಸನೆಗೆ ಊರ ನೊಣವೆಲ್ಲ ಎದ್ದು ಲ್ಯಾಬಿನೊಳಗೂ ಸುತ್ತುತ್ತಿರುತ್ತದೆ. ಹತ್ತಿ ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಸಾಕು, ಹೊರಗಿನದೊಂದು ಒಳಗೆ ಸೇರುತ್ತದೆ. ಬಿಳಿಗಣ್ಣಿನ ವಯಲಿನಲ್ಲಿ ಕೆಂಪುಗಣ್ಣು ಕಂಡರೆ ಆ ವಯಲನ್ನು ಎಸೆಯಬಹುದು. ಕೆಂಪುಗಣ್ಣಿನ ತಳಿಯಲ್ಲಿ ಹೊರಗಿನ ನೊಣ ಸೇರಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಎರಡು ಗೈಡ್, ಒಂದು ಅಗರೋಸ್ ಜೆಲ್

ಜೀನನ್ನು ಕೆಡಿಸುವುದಷ್ಟೇ ಉದ್ದೇಶವಾಗಿದ್ದರೆ, ಕೈಯಲ್ಲಿರುವುದು ಸಾಧಾರಣ ಲ್ಯಾಬ್ ಆಗಿದ್ದರೆ, ನನ್ನ ಮೊದಲ ಆಯ್ಕೆ ಇದೇ. ಒಂದರ ಬದಲು ಎರಡು ಗೈಡ್ ಕೊಟ್ಟು ನಡುವಿನ ಮುನ್ನೂರೋ ಎಂಟುನೂರೋ ಬೇಸ್ ಜೋಡಿಯನ್ನು ಹಾರಿಸಿಬಿಟ್ಟರೆ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಶೇಕಡಾ 1.5ರ ಅಗರೋಸ್ ಜೆಲ್ಲಿನಲ್ಲೇ ಉತ್ತರ ಸಿಗುತ್ತದೆ. ಎಡಿಟ್ ಆಗದ ನೊಣಕ್ಕೆ ಮೇಲೆ ಒಂದೇ ಬ್ಯಾಂಡ್. ಎಡಿಟ್ ಆದ ಎಫ್-1ಕ್ಕೆ ಮೇಲೊಂದು, ಕೆಳಗೊಂದು. ಪಿಸಿಆರ್‌ಗೆ ಚಿಕ್ಕ ತುಂಡೇ ಸುಲಭವಾದ್ದರಿಂದ ಕೆಳಗಿನದು ಗಾಢವಾಗಿರುತ್ತದೆ, ತಪ್ಪಿಹೋಗುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಅರೆದರೆ ಸಂಜೆ ಮನೆಗೆ ಹೋಗುವಾಗ ಯಾವ ವಯಲ್ ಇಡಬೇಕು ಎಂದು ಗೊತ್ತಿರುತ್ತದೆ. ಯಾವ ಕೋರ್ಸಿನ ಪ್ರಾಕ್ಟಿಕಲ್ ಲ್ಯಾಬಿನಲ್ಲೂ ಇರುವ ಸಾಮಾನೇ ಸಾಕು.

ಇದರ ಕುಂದುಗಳೂ ಇವೆ. ಎರಡು ಗೈಡಿನಲ್ಲಿ ಒಂದು ಮಾತ್ರ ಕತ್ತರಿಸಿದರೆ ನಾಲ್ಕೈದು ಬೇಸಿನ ಬದಲಾವಣೆ ಆಗಿರುತ್ತದೆ, ಅದು ಈ ಜೆಲ್ಲಿಗೆ ಕಾಣುವುದಿಲ್ಲ. ಇನ್ನು ಪ್ರೈಮರ್ ಕೂರುವ ಜಾಗವನ್ನೂ ನುಂಗಿದ ದೊಡ್ಡ ಡಿಲೀಷನ್ ಆಗಿದ್ದರೆ ಆ ಪ್ರತಿ ಬೆಳೆಯುವುದೇ ಇಲ್ಲ. ಇನ್ನೊಂದು ಕ್ರೋಮೋಸೋಮಿನಿಂದ ಬಂದ ಮಾಮೂಲಿ ಬ್ಯಾಂಡ್ ನೋಡಿ ನೆಗೆಟಿವ್ ಎಂದು ಬರೆದುಬಿಡುತ್ತೇವೆ. ಪ್ರೈಮರುಗಳನ್ನು ಕತ್ತರಿಸುವ ಜಾಗದಿಂದ ಸ್ವಲ್ಪ ದೂರವೇ ಇಡುವುದು ಒಳ್ಳೆಯದು. ಮತ್ತೊಂದು: ಡ್ರೊಸೊಫಿಲಾ ಜೀನೋಮ್ ಇಕ್ಕಟ್ಟಾದದ್ದು, ಒಂದು ಜೀನಿನ ಇಂಟ್ರಾನ್ (ಪ್ರೋಟೀನಿಗೆ ಸೇರದ ಭಾಗ) ಒಳಗೆ ಇನ್ನೊಂದು ಜೀನ್ ಕೂತಿರುವುದು ಅಪರೂಪವಲ್ಲ. ಹಾರಿಸುವ ಮೊದಲು ನೊಣದ ಜೀನುಗಳ ಜಾಲತಾಣ ಫ್ಲೈಬೇಸ್‌ನಲ್ಲಿ ಆ ಜಾಗದ ನಕ್ಷೆ ತೆರೆದು ನೋಡಿ.

ಒಂದೇ ಗೈಡ್, ಸಣ್ಣ ಬದಲಾವಣೆ: ಇಲ್ಲೇ ನಿಜವಾದ ಆಯ್ಕೆ

ಒಂದೇ ಗೈಡ್ ಹಾಕಬೇಕಾದ ಸಂದರ್ಭಗಳಿವೆ. ಪ್ರೋಟೀನಿನ ಒಂದು ತುದಿಯನ್ನು ಮಾತ್ರ ಕೆಡಿಸಬೇಕು, ಅಥವಾ ಪಕ್ಕದ ಜೀನನ್ನು ಮುಟ್ಟುವ ಹಾಗಿಲ್ಲ. ಕ್ಯಾಸ್-9 ಕತ್ತರಿಸುವುದು ಗೈಡಿನ ಗುರಿಯ ಪಕ್ಕದ ಗುರುತಾದ ಪ್ಯಾಮ್‌ಗಿಂತ ಮೂರು ಬೇಸ್ ಮುಂಚೆ. ಸಾಮಾನ್ಯವಾಗಿ ಅಲ್ಲಿ ಒಂದೆರಡರಿಂದ ಹತ್ತಿಪ್ಪತ್ತು ಬೇಸ್ ಹೋಗಿರುತ್ತದೆ ಅಥವಾ ಸೇರಿರುತ್ತದೆ. ಅಗರೋಸ್ ಇಲ್ಲಿ ಕೈಕೊಡುತ್ತದೆ. ಉಳಿಯುವುದು ನಾಲ್ಕು.

ಕತ್ತರಿಸುವ ಜಾಗದ ಮೇಲೆಯೇ ಯಾವುದಾದರೂ ರಿಸ್ಟ್ರಿಕ್ಷನ್ ಎಂಜೈಮಿನ (ಡಿಎನ್‌ಎಯನ್ನು ನಿಗದಿತ ಬೇಸುಗಳಲ್ಲಿ ಮಾತ್ರ ಕತ್ತರಿಸುವ ಎಂಜೈಮ್) ಗುರುತು ಬಿದ್ದಿದ್ದರೆ ಅದೃಷ್ಟ. ಮಾಮೂಲಿ ಪ್ರತಿ ತುಂಡಾಗುತ್ತದೆ, ಎಡಿಟ್ ಆದದ್ದು ಇಡಿಯಾಗಿ ಉಳಿಯುತ್ತದೆ. ಆದರೆ ಎಂಜೈಮ್ ಅರ್ಧ ಕೆಲಸ ಮಾಡಿ ನಿಂತರೂ ಜೆಲ್ ಹಾಗೇ ಕಾಣುತ್ತದೆ. ಮಾಮೂಲಿ ನೊಣದ ರಸವನ್ನು ಅದೇ ಪ್ಲೇಟಿನಲ್ಲಿ ಹಾಕದೆ ಯಾವ ಪಾಸಿಟಿವನ್ನೂ ನಂಬಬೇಡಿ. ಗೈಡ್ ಆರಿಸುವಾಗಲೇ, ಗುಣದಲ್ಲಿ ಸಮಾನವಾದ ಎರಡರಲ್ಲಿ ಇಂಥ ಗುರುತಿರುವುದನ್ನು ತೆಗೆದುಕೊಂಡರೆ ಮುಂದೆ ಬಹಳ ದುಡ್ಡು ಉಳಿಯುತ್ತದೆ.

ಟಿ-7 ಎಂಡೋನ್ಯೂಕ್ಲಿಯೇಸ್ ಎಲ್ಲರಿಗೂ ಗೊತ್ತಿರುವ ಹೆಸರು. ಪಿಸಿಆರ್ ಉತ್ಪನ್ನವನ್ನು ಕುದಿಸಿ ನಿಧಾನ ತಣಿಸಿದರೆ ಮಾಮೂಲಿ ಎಳೆ, ಎಡಿಟ್ ಆದ ಎಳೆ ಅಂಟಿಕೊಂಡು ನಡುವೆ ಹೊಂದದ ಉಬ್ಬು ಉಳಿಯುತ್ತದೆ. ಟಿ-7 ಅಲ್ಲಿ ಕಚ್ಚುತ್ತದೆ. ಇದಕ್ಕೆ ಸಿಕ್ಕಿರುವ ಹೆಸರು ಸ್ವಲ್ಪ ಹೆಚ್ಚಾಯಿತು ಎಂದು ನನ್ನ ಅಭಿಪ್ರಾಯ. ಒಂದೇ ಬೇಸಿನ ವ್ಯತ್ಯಾಸವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ, ಎಂಜೈಮ್ ಜಾಸ್ತಿಯಾದರೆ ಎಲ್ಲೆಂದರಲ್ಲಿ ಕಚ್ಚುತ್ತದೆ, ಎರಡೂ ಪ್ರತಿ ಒಂದೇ ರೀತಿ ಎಡಿಟ್ ಆದ ಹೋಮೋಜೈಗಸ್ ನೊಣದಲ್ಲಿ ಉಬ್ಬೇ ಇಲ್ಲದ್ದರಿಂದ ಮಾಮೂಲಿ ಎಂದು ತೋರಿಸುತ್ತದೆ. ಬೆಂಗಳೂರಿನಿಂದ ಐಸ್ ಪ್ಯಾಕಿನಲ್ಲಿ ಹೊರಟ ಎಂಜೈಮ್ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ದಾರಿ ಬಂದ್ ಆದಾಗ ಯಾವ ಸ್ಥಿತಿಯಲ್ಲಿ ಬಂದು ಮುಟ್ಟುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಎಂಜೈಮೇ ಇಲ್ಲದೆ ಅದೇ ಉಬ್ಬನ್ನು ನೋಡುವ ವಿಧಾನ ಅಕ್ರಿಲಮೈಡ್ ಜೆಲ್. 150ರಿಂದ 300 ಬೇಸಿನ ಪಿಸಿಆರ್ ತುಂಡನ್ನು ಕುದಿಸಿ ತಣಿಸಿ ಶೇಕಡಾ 8 ಅಥವಾ 10ರ ಜೆಲ್ಲಿನಲ್ಲಿ ಓಡಿಸಿದರೆ ಉಬ್ಬು ಇರುವ ಜೋಡಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತದೆ. ಮಾಮೂಲಿ ಬ್ಯಾಂಡಿನ ಮೇಲೆ ಮತ್ತೊಂದೋ ಎರಡೋ ತೆಳುವಾದ ಬ್ಯಾಂಡ್ ಕಂಡರೆ ಎಡಿಟ್ ಇದೆ ಎಂದು ಬರೆದುಕೊಳ್ಳಿ. ಪ್ರೋಟೀನ್ ಓಡಿಸುವ ಸಣ್ಣ ಲಂಬ ಜೆಲ್ ಪೆಟ್ಟಿಗೆ ಬಯೋಕೆಮಿಸ್ಟ್ರಿ ಇರುವ ಎಲ್ಲ ಕಡೆಯೂ ಇದೆ, ಅದೇ ಸಾಕು. ಇದು ಹಳೇ ಕಾಲದ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಎಫ್-1 ಹೆಟೆರೋಜೈಗಸ್ (ಒಂದು ಪ್ರತಿ ಮಾತ್ರ ಎಡಿಟ್ ಆದ) ನೊಣಗಳ ಮಟ್ಟಿಗೆ, ಸಣ್ಣ ಲ್ಯಾಬಿನಲ್ಲಿ, ನಾನು ಟಿ-7ಗಿಂತ ಇದನ್ನೇ ಮೇಲೆ ಇಡುತ್ತೇನೆ. ಗಟ್ಟಿಯಾಗುವ ಮೊದಲು ಅಕ್ರಿಲಮೈಡ್ ನರಗಳಿಗೆ ವಿಷ, ಕೈಗವಸು ತೆಗೆಯಬೇಡಿ.

ನಾಲ್ಕನೆಯದು ಎಚ್‌ಆರ್‌ಎಂ, ಅಂದರೆ ಮೆಲ್ಟ್ ಕರ್ವ್. ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿ, 70ರಿಂದ 150 ಬೇಸಿನ ತುಂಡನ್ನು ಬೆಳೆಸಿ, ಉಷ್ಣತೆಯನ್ನು ಎಳೆಎಳೆಯಾಗಿ ಏರಿಸುತ್ತ ಎರಡು ಎಳೆ ಯಾವಾಗ ಬಿಟ್ಟುಹೋಗುತ್ತದೆ ಎಂದು ಯಂತ್ರ ಬರೆದುಕೊಳ್ಳುತ್ತದೆ. ಟ್ಯೂಬ್ ತೆರೆಯಬೇಕಾಗಿಲ್ಲ, ಜೆಲ್ ಇಲ್ಲ, 96 ನೊಣದ ಉತ್ತರ ಒಂದೇ ಓಟದಲ್ಲಿ. ನೊಣಗಳ ಸಂಖ್ಯೆ ದೊಡ್ಡದಿದ್ದರೆ ಇದಕ್ಕೆ ಸಾಟಿಯಿಲ್ಲ. ಆದರೆ ಕ್ಯೂ-ಪಿಸಿಆರ್ ಯಂತ್ರವಿದ್ದರೆ ಸಾಲದು, ಅದರಲ್ಲಿ ಎಚ್‌ಆರ್‌ಎಂ ಸೌಲಭ್ಯ ಇರಬೇಕು. ಕೇಳಿ ತಿಳಿದುಕೊಂಡು ಬಣ್ಣ ಆರ್ಡರ್ ಮಾಡಿ. ಉಪ್ಪಿನ ಪ್ರಮಾಣ ಒಂದು ಚೂರು ಬದಲಾದರೂ ಕರ್ವ್ ಜರುಗುತ್ತದೆ, ಹಾಗಾಗಿ ಎಲ್ಲ ನೊಣವನ್ನೂ ಅಷ್ಟೇ ಬಫರಿನಲ್ಲಿ ಅರೆದಿರಬೇಕು.

ಈ ನಾಲ್ಕರಲ್ಲಿ ಮೊದಲನೆಯದನ್ನು ಬಿಟ್ಟು ಉಳಿದ ಮೂರಕ್ಕೂ ಒಂದು ಸಾಮಾನ್ಯ ಕಂಟಕವಿದೆ, ಅದೇ ಬ್ಯಾಲೆನ್ಸರ್. ಸಿವೈಓ, ಟಿಎಂ-3, ಟಿಎಂ-6ಬಿ ಇವೆಲ್ಲ ದಶಕಗಳಿಂದ ಇನ್ನೊಂದು ಕ್ರೋಮೋಸೋಮಿನ ಜೊತೆ ಬೆರೆಯದೆ ಪ್ರತ್ಯೇಕವಾಗಿ ಉಳಿದು ಬಂದವು. ನಿಮ್ಮ ತಳಿಗೂ ಅವುಗಳಿಗೂ ಒಂದು ಬೇಸ್ ಇಲ್ಲಿ, ಎರಡು ಬೇಸ್ ಅಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಜಿ-ಜೀರೊವನ್ನು ನೇರ ಬ್ಯಾಲೆನ್ಸರಿಗೆ ಕ್ರಾಸ್ ಮಾಡಿದರೆ ಎಫ್-1ರಲ್ಲಿ ಎಡಿಟ್ ಆಗದ ನೊಣಕ್ಕೂ ಮೆಲ್ಟ್ ಕರ್ವ್ ಬೇರೆಯಾಗುತ್ತದೆ, ಅಕ್ರಿಲಮೈಡಿನಲ್ಲಿ ಹೆಚ್ಚಿನ ಬ್ಯಾಂಡ್ ಬರುತ್ತದೆ. "ಎಲ್ಲವೂ ಪಾಸಿಟಿವ್ ಬಂತು ಮಾರಾಯ್ರೆ!" ಎಂದು ಕುಣಿಯುವ ಮೊದಲು ಕಂಟ್ರೋಲ್ ಏನು ಹಾಕಿದ್ದೆವು ಎಂದು ನೋಡಬೇಕು. ಸರಿಯಾದ ಕಂಟ್ರೋಲ್ ಎಂದರೆ ಚುಚ್ಚದ ಮೂಲ ತಳಿಯ ನೊಣವಲ್ಲ. ಚುಚ್ಚದ ಮೂಲ ತಳಿಯನ್ನು ಅದೇ ಬ್ಯಾಲೆನ್ಸರಿಗೆ ಕ್ರಾಸ್ ಮಾಡಿ ಹುಟ್ಟಿದ ನೊಣ. ಇದಕ್ಕಿಂತ ಚೆನ್ನಾಗಿರುವುದು, ಜಿ-ಜೀರೊವನ್ನು ಮೊದಲು ಮೂಲ ತಳಿಗೇ ಕ್ರಾಸ್ ಮಾಡಿ, ಎಫ್-1 ಗಂಡನ್ನು ಬ್ಯಾಲೆನ್ಸರಿಗೆ ಕೊಟ್ಟು, ಆ ಗಂಡನ್ನೇ ಪರೀಕ್ಷಿಸುವುದು. ಆಗ ಅರೆಯುವ ನೊಣದಲ್ಲಿ ಬ್ಯಾಲೆನ್ಸರ್ ಇರುವುದೇ ಇಲ್ಲ. ಮೇಲಿನ ಕ್ರಮದಲ್ಲಿ ಎಫ್-1 ಗಂಡನ್ನು ಮೊಟ್ಟೆ ಬಿದ್ದ ಮೇಲೆ ಅರೆಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ.

ಸ್ಯಾಂಗರ್ ತಪ್ಪಿಸಲು ಆಗದು

ಯಾವ ಜೆಲ್ ಏನೇ ಹೇಳಲಿ, ಕೊನೆಗೆ ಸ್ಯಾಂಗರ್ ವಿಧಾನದಲ್ಲಿ ಓದಿದ ಬೇಸುಗಳ ಅನುಕ್ರಮ, ಅಂದರೆ ಸೀಕ್ವೆನ್ಸ್ ಬೇಕು. ಕಾರಣ ಸರಳ: ಹೋದದ್ದು ಅಥವಾ ಸೇರಿದ್ದು ಮೂರರ ಗುಣಕವಾಗಿದ್ದರೆ ಓದುವ ಚೌಕಟ್ಟು ಹಾಗೇ ಉಳಿದು, ಒಂದೆರಡು ಅಮೈನೋ ಆಮ್ಲ ಕಡಿಮೆಯಾದ ಪ್ರೋಟೀನ್ ಆರಾಮವಾಗಿ ಕೆಲಸ ಮಾಡುತ್ತಿರಬಹುದು. ಜೆಲ್ಲಿಗೆ ಆರು ಬೇಸೂ ಒಂದೇ, ಏಳು ಬೇಸೂ ಒಂದೇ.

ಪ್ರಶ್ನೆ ಇರುವುದು ಸ್ಯಾಂಗರನ್ನೇ ಮೊದಲ ಜರಡಿಯಾಗಿ ಬಳಸಬೇಕೋ ಎಂಬುದು. ಎಫ್-1 ನೊಣಗಳು ಹತ್ತಿಪ್ಪತ್ತೇ ಇದ್ದರೆ ಖಂಡಿತ ಹೌದು. ಒಂದು ಸ್ಯಾಂಪಲ್ಲಿಗೆ ಕೆಲವು ನೂರು ರೂಪಾಯಿ, ಆದರೆ ಎಂಜೈಮ್, ಬಣ್ಣ, ಮಾನವ ದಿನ ಎಲ್ಲ ಕೂಡಿಸಿ ನೋಡಿದರೆ ಅಷ್ಟೇನೂ ಜಾಸ್ತಿಯಲ್ಲ. ಪಿಸಿಆರ್ ಉತ್ಪನ್ನ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲೂ ಕೆಡದೆ ಬೆಂಗಳೂರು ಮುಟ್ಟುತ್ತದೆ. ಹೆಟೆರೋಜೈಗಸ್ ನೊಣದಲ್ಲಿ ಕತ್ತರಿಸಿದ ಜಾಗದವರೆಗೆ ಸೀಕ್ವೆನ್ಸ್ ರೇಖೆಯ ಶಿಖರಗಳು ಶುಭ್ರವಾಗಿದ್ದು, ಅಲ್ಲಿಂದ ಮುಂದೆ ಎರಡೆರಡು ಒಂದರ ಮೇಲೊಂದು ಬೀಳುತ್ತವೆ. ಐಸ್, ಟೈಡ್ ಎಂಬ ವೆಬ್ ಸಾಧನಗಳು ಅದನ್ನು ಬಿಡಿಸಿ ಕೊಡುತ್ತವೆ. ಒಂದೆರಡು ನೊಣಗಳನ್ನು ಕಾಗದದ ಮೇಲೆ ಕೈಯಲ್ಲೇ ಬಿಡಿಸಿ ನೋಡಿದರೆ ಸಾಧನ ಎಲ್ಲಿ ಎಡವುತ್ತದೆ ಎಂದೂ ತಿಳಿಯುತ್ತದೆ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದ್ದರಂತೂ ಚುಚ್ಚಿದ ತಾಯಿಯ ಗಂಡು ಮಕ್ಕಳಲ್ಲಿ ಒಂದೇ ಪ್ರತಿ, ಶಿಖರ ಶುಭ್ರ, ಓದಿದರೆ ಮುಗಿಯಿತು. ಅಲ್ಲಿ ಟಿ-7, ಮೆಲ್ಟ್ ಕರ್ವ್ ಎಂದು ಒದ್ದಾಡುವುದೇ ವ್ಯರ್ಥ.

ಪಿಸಿಆರ್ ತುಂಡುಗಳನ್ನು ಸಾವಿರಾರು ಸಲ ಓದುವ ಆಂಪ್ಲಿಕಾನ್ ಡೀಪ್ ಸೀಕ್ವೆನ್ಸಿಂಗ್ ಹತ್ತಾರು ಜೀನುಗಳನ್ನು ಒಟ್ಟಿಗೆ ಎಡಿಟ್ ಮಾಡುವವರಿಗೆ. ಒಂದು ಜೀನಿನ ಎಂಎಸ್ಸಿ ಪ್ರಾಜೆಕ್ಟಿಗೆ ಬೇಡ.

ಹತ್ತು ದಿನದ ಲೆಕ್ಕ

ವಿಧಾನ ಆರಿಸುವಾಗ ದುಡ್ಡಿಗಿಂತ ನಾನು ಮೊದಲು ನೋಡುವುದು ದಿನ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣಕ್ಕೆ ಸುಮಾರು ಹತ್ತು ದಿನ. ಎಫ್-1 ಗಂಡಿನ ಕ್ರಾಸ್ ಹಾಕಿ ಹತ್ತು ದಿನದೊಳಗೆ ಉತ್ತರ ಬಂದರೆ ಪಾಸಿಟಿವ್ ವಯಲ್‌ಗಳನ್ನಷ್ಟೇ ಇಟ್ಟುಕೊಂಡು, ಮರಿ ನೊಣ ಹೊರಬಂದ ಎಂಟು ಗಂಟೆಯೊಳಗೆ ಅದರಿಂದ ವರ್ಜಿನ್ ಹೆಣ್ಣುಗಳನ್ನು ಹೆಕ್ಕಬಹುದು. ಉತ್ತರ ತಡವಾದರೆ ಅಷ್ಟೂ ವಯಲ್‌ಗಳಲ್ಲಿ ಹೆಕ್ಕಬೇಕು, ಅಷ್ಟಕ್ಕೂ ರವೆ, ಬೆಲ್ಲ, ಅಗರ್ ಬೇಯಿಸಬೇಕು. ಜೂನ್, ಜುಲೈಯಲ್ಲಿ ಪ್ರೊಪಿಯಾನಿಕ್ ಆಮ್ಲ ಹಾಕಿದ ಆಹಾರಕ್ಕೂ ಬೂಸ್ಟು ಹಿಡಿಯುವ ಊರು ನಮ್ಮದು, ವಯಲ್ ಹೆಚ್ಚಾದಷ್ಟೂ ಕಳೆದುಕೊಳ್ಳುವುದೂ ಹೆಚ್ಚು.

ಹಾಗಾಗಿ ಮಳೆಗಾಲದಲ್ಲಿ ಎಡಿಟ್ ಮಾಡಿಸುವವರಿಗೆ ಅಂದೇ ಉತ್ತರ ಕೊಡುವ ಎರಡು ಗೈಡಿನ ಜೆಲ್ ಅಥವಾ ಅಕ್ರಿಲಮೈಡ್ ಮೊದಲು, ಪಾಸಿಟಿವ್ ಬಂದದ್ದಕ್ಕೆ ಮಾತ್ರ ಸ್ಯಾಂಗರ್ ಎಂಬುದು ನನ್ನ ಸಲಹೆ. ಬೇಸಿಗೆ ಮುಂಚೆ, ದಾರಿ ಸರಿ ಇರುವ ತಿಂಗಳುಗಳಲ್ಲಿ, ನೊಣಗಳು ಕಡಿಮೆಯಿದ್ದರೆ ನೇರ ಸ್ಯಾಂಗರ್ ಸಾಕು. ಉತ್ತರಕ್ಕೆ ಕಾಯಲೇಬೇಕಾದರೆ ವಯಲ್‌ಗಳನ್ನು 18 ಡಿಗ್ರಿಗೆ ಹಾಕಿ. ಬೆಳವಣಿಗೆಯ ಕಾಲ ಸುಮಾರು ದುಪ್ಪಟ್ಟಾಗುತ್ತದೆ, ಉಸಿರಾಡಲು ಸಮಯ ಸಿಗುತ್ತದೆ. ಇನ್‌ಕ್ಯುಬೇಟರ್ ಇಲ್ಲದೆ ಮೇಜಿನ ಮೇಲೆ ಇಡುವ ಯೋಚನೆ ಮೇ ತಿಂಗಳಲ್ಲಿ ಬೇಡ. 30 ಡಿಗ್ರಿ ದಾಟಿದ ಸೆಕೆಯಲ್ಲಿ ಬೆಳೆದ ಗಂಡುಗಳು ಬಂಜೆಯಾಗುತ್ತವೆ, ಎಡಿಟ್ ಆದ ಗಂಡು ಸಿಕ್ಕಿಯೂ ಮರಿ ಸಿಗುವುದಿಲ್ಲ.

ಪಾಸಿಟಿವ್ ಸಿಕ್ಕಿದಾಗ ಒಂದೇ ತಳಿಗೆ ನಿಲ್ಲಬೇಡಿ. ಬೇರೆ ಬೇರೆ ಜಿ-ಜೀರೊಗಳಿಂದ ಬಂದ ಎರಡು ತಳಿಗಳಾದರೂ ಇರಲಿ. ಎರಡರಲ್ಲೂ ಒಂದೇ ಲಕ್ಷಣ ಕಂಡರೆ ಅದು ಗೈಡ್ ಬೇರೆಲ್ಲೋ ಕತ್ತರಿಸಿದ ಪರಿಣಾಮ ಎಂಬ ಸಂಶಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆ ಜಾಗದ ಡಿಫಿಶಿಯನ್ಸಿ ತಳಿ (ಆ ಭಾಗವೇ ಇಲ್ಲದ್ದು) ಅಮೆರಿಕದ ನೊಣ ತಳಿಗಳ ಸಂಗ್ರಹವಾದ ಬ್ಲೂಮಿಂಗ್ಟನ್‌ನಲ್ಲಿ ಸಿಕ್ಕರೆ ಅದರ ಜೊತೆ ಕ್ರಾಸ್ ಹಾಕಿ ನೋಡುವುದು ಇನ್ನೂ ಗಟ್ಟಿ ಪುರಾವೆ. ನೊಣದ ತಳಿಯನ್ನು ಬ್ಯಾಕ್ಟೀರಿಯಾದ ಹಾಗೆ ಗ್ಲಿಸರಾಲ್ ಹಾಕಿ ಫ್ರೀಜರಿನಲ್ಲಿ ಇಡಲು ಬರುವುದಿಲ್ಲ, ಆಹಾರ ಬದಲಿಸುತ್ತಲೇ ಇರಬೇಕು. ಪ್ರತಿ ತಳಿಯ ಎರಡು ಸೆಟ್ ಮಾಡಿ, ಎರಡನೆಯದನ್ನು ಬೇರೆ ಕಟ್ಟಡದ ಇನ್‌ಕ್ಯುಬೇಟರಿನಲ್ಲಿ, ಬೇರೆ ಜನರೇಟರ್ ಲೈನಿನಲ್ಲಿ ಇಡಿ.